ಅತ್ತಿಮಬ್ಬೆಯ ಉಡುಗೊರೆ

ಮದುವೆ ಮನೆಯ ಮುಯ್ಯಿ ಪುಸ್ತಕದಲ್ಲಿ ಹೆಸರಿರುತ್ತದೆ, ಅದರ ಮುಂದೆ ಮೊತ್ತವಿರುತ್ತದೆ. ಕೊಟ್ಟವರ ಮನಸ್ಸನ್ನು ಬರೆಯಲು ಜಾಗವಿಲ್ಲ. ಹಿರೇಹಂದಿಗೋಳವಿರಲಿ, ಬೆಂಗಳೂರಿರಲಿ, ಉಡುಗೊರೆಯನ್ನು ನಾವು ಬೆಲೆಯಿಂದಲೇ ಅಳೆಯುತ್ತೇವೆ. ಆದರೆ ಇದೇ ಗದಗ ಸೀಮೆಯ ಲಕ್ಕುಂಡಿಯಲ್ಲಿ ಸಾವಿರ ವರ್ಷಗಳ ಹಿಂದೆ ಬೇರೊಂದು ಅಳತೆಗೋಲು ಬಲ್ಲ ಹೆಣ್ಣುಮಗಳೊಬ್ಬಳಿದ್ದಳು.

ಆಕೆ ಅತ್ತಿಮಬ್ಬೆ, ಚಾಲುಕ್ಯರ ದಂಡನಾಯಕ ನಾಗದೇವನ ಪತ್ನಿ. ಗಂಡ ತೀರಿಕೊಂಡ ಮೇಲೆ ಮಗನನ್ನು ಬೆಳೆಸಿದಳು, ರನ್ನನಿಂದ ‘ಅಜಿತಪುರಾಣ’ ಬರೆಸಿದಳು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯ ಶಾಸನದ ಕಾಲ 1007. ಚಿನ್ನ, ರತ್ನಗಳ 1500 ಜಿನಬಿಂಬಗಳನ್ನು ದಾನ ಮಾಡಿದಳೆಂಬುದು ಪ್ರಸಿದ್ಧ ಮಾತು. ಅದರ ಜೊತೆಗೇ ಹೇಳುವ ಇನ್ನೊಂದು ದಾನವಿದೆ: ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳು.

ಅಚ್ಚಿನ ಯಂತ್ರವಿಲ್ಲದ ಕಾಲ. ತಾಳೆಗರಿಯನ್ನು ಹದಮಾಡಬೇಕು, ಕಂಠದಿಂದ ಒಂದೊಂದೇ ಅಕ್ಷರ ಕೊರೆಯಬೇಕು, ಮೇಲೆ ಮಸಿ ತೀಡಬೇಕು. ಒಂದು ಪ್ರತಿ ಮುಗಿದರೆ ಎರಡನೆಯದಕ್ಕೆ ಮತ್ತೆ ಮೊದಲಿನಿಂದ. ಆದ್ದರಿಂದ ಇದು ಅಗ್ಗದ ದಾನವೆಂದು ಯಾರೂ ತಿಳಿಯಬಾರದು. ಲಿಪಿಕಾರರ ಹೊಟ್ಟೆಯೂ ತುಂಬಬೇಕಲ್ಲ! ಆದರೆ ಚಿನ್ನದ ಬಿಂಬವನ್ನು ಹಣವುಳ್ಳ ಯಾರಾದರೂ ಕೊಟ್ಟಾರು. ಈ ಕಾವ್ಯವನ್ನು ಆರಿಸಿಕೊಳ್ಳಲು ಆ ಮನೆಯ ಮಗಳೇ ಬೇಕಿತ್ತು. ಪೊನ್ನನಿಂದ ಅದನ್ನು ಬರೆಸಿದವರು ಆಕೆಯ ತಂದೆ ಮಲ್ಲಪ ಮತ್ತು ಆತನ ಸಹೋದರ ಪುನ್ನಮಯ್ಯ. ಓದುವವರ ಕೈಯಲ್ಲಿಲ್ಲದ ಕಾವ್ಯ ಗೆದ್ದಲಿನ ಪಾಲಾಗುತ್ತದೆಂದು ಆಕೆ ಅರಿತಿರಬೇಕು.

ಪೊನ್ನನದೇ ‘ಭುವನೈಕರಾಮಾಭ್ಯುದಯ’ ನಮಗೆ ಸಿಕ್ಕಿಲ್ಲ. ‘ಶಾಂತಿಪುರಾಣ’ವನ್ನು ಈಗಲೂ ಓದಬಹುದು.