ದೇವಲನ ನೂಲು, ಕಥೆಯ ಹಂದರ

ಕಥೆಯ ಹಂದರವೆಂದರೇನು ಎಂದು ನಮ್ಮ ಎಳೆಯ ಬರಹಗಾರರು ಕೇಳಿದಾಗ ನನಗೆ ನೆನಪಾಗುವುದು ದಿಂಡಿಗಲ್ ಸಮೀಪದ ಚಿನ್ನಾಳಪಟ್ಟಿ. ಸುಂಗುಡಿ ಸೀರೆಗೂ ಕೈಮಗ್ಗಕ್ಕೂ ಹೆಸರಾದ ಈ ಊರಿನ ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತು. ಶಾಲೆ, ಪೇಟೆಗಳಲ್ಲಿ ತಮಿಳು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅವರಾದರೋ ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಕನ್ನಡನಾಡಿನಿಂದ ದೂರ ಹೋದವರು. ನಮಗೆ ಕನ್ನಡ ಶಾಲೆಯಾದರೂ ಇದೆ. ಅವರಿಗೆ ಉಳಿದದ್ದು ಬಾಯಿಮಾತು, ಅದರೊಂದಿಗೆ ಕುಲದ ಕಥೆ.

ಆ ಕಥೆ ದೇವಾಂಗರ ಮೂಲಪುರುಷ ದೇವಲ ಮುನಿಯದು. ದೇವತೆಗಳಿಗೂ ಮನುಷ್ಯರಿಗೂ ಉಡಲು ಬಟ್ಟೆಯಿಲ್ಲ. ಶಿವನು ದೇವಲನನ್ನು ಸೃಷ್ಟಿಸುತ್ತಾನೆ. ದೇವಲ ವಿಷ್ಣುವಿನ ನಾಭಿಕಮಲದಿಂದ ನೂಲು ಪಡೆದು ಮರಳುವಾಗ ಅಸುರರು ಅಡ್ಡಗಟ್ಟುತ್ತಾರೆ. ಮೊರೆಯಿಟ್ಟಾಗ ಚೌಡೇಶ್ವರಿ ಖಡ್ಗ ಹಿಡಿದು ಬಂದು ಅವರನ್ನು ಸಂಹರಿಸುತ್ತಾಳೆ. ಅಸುರರ ರಕ್ತದಲ್ಲಿ ಅದ್ದಿದ ನೂಲಿಗೆ ಬಣ್ಣ ಬರುತ್ತದೆ. ದೇವಲ ಬಟ್ಟೆ ನೇಯ್ದು ಎಲ್ಲರಿಗೂ ಉಡಿಸುತ್ತಾನೆ.

ಭರತನ ನಾಟ್ಯಶಾಸ್ತ್ರ ಕಾರ್ಯಕ್ಕೆ ಐದು ಅವಸ್ಥೆಗಳನ್ನು ಹೇಳುತ್ತದೆ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಬಟ್ಟೆಯ ಕೊರತೆ ನೀಗಬೇಕೆಂಬ ಬಯಕೆ ಆರಂಭ. ನೂಲಿಗಾಗಿ ಪಯಣ ಯತ್ನ. ನೂಲು ಕೈಗೆ ಬಂದೂ ಅಸುರರು ಎದುರಾಗುವ, ಆಸೆ ಆತಂಕ ಬೆರೆತ ಗಳಿಗೆ ಪ್ರಾಪ್ತ್ಯಾಶೆ. ದೇವಿಯಿಂದ ವಿಘ್ನ ತೊಲಗುವುದು ನಿಯತಾಪ್ತಿ. ಎಲ್ಲರಿಗೂ ಉಡಿಸುವುದು ಫಲಾಗಮ. ಗ್ರೀಸಿನ ಅರಿಸ್ಟಾಟಲನೂ ಆದಿ, ಮಧ್ಯ, ಅಂತ್ಯಗಳ ಮಾತನ್ನಾಡಿದ. ಇಂಗ್ಲಿಷ್ ಕಾದಂಬರಿಕಾರ ಫಾರ್ಸ್ಟರ್ 1927ರಲ್ಲಿ ಬರಿಯ ಕಥೆಯನ್ನು ಹಂದರವಾಗಿಸುವುದು ಕಾರ್ಯಕಾರಣ ಸಂಬಂಧವೆಂದು ವಿವರಿಸಿದರು.

ನೇಕಾರರ ಮಾತಿನಲ್ಲಿ ಹೇಳುವುದಾದರೆ, ಘಟನೆಗಳು ಹಾಸು, ಕಾರಣ ಹೊಕ್ಕು. ಹೊಕ್ಕಿಲ್ಲದೆ ಬಟ್ಟೆಯಾಗದು. ದೇವಲನ ಕಥೆಯಿಂದ ಅಸುರರನ್ನು ತೆಗೆದು ನೋಡಿ: ಮೊರೆಯೂ ಇಲ್ಲ, ದೇವಿಯೂ ಬರುವುದಿಲ್ಲ, ನೂಲು ಬಿಳಿಯಾಗಿಯೇ ಉಳಿಯುತ್ತದೆ. ಇಲ್ಲಿ ಬಣ್ಣ ಬಂದದ್ದೇ ತೊಡಕಿನಿಂದ. ತಮಿಳುನಾಡಿನ ದೇವಾಂಗರು ಚೌಡೇಶ್ವರಿಯ ಹಬ್ಬದಲ್ಲಿ ಕತ್ತಿಯಿಂದ ಮೈಗೆ ಹೊಡೆದುಕೊಳ್ಳುತ್ತ ದೇವಿಯನ್ನು ಕರೆಯುವ ಸೇವೆಯೂ ನನಗೆ ಆ ತೊಡಕಿನ ಗಳಿಗೆಯನ್ನೇ ನೆನಪಿಸುತ್ತದೆ.

ಇಂಥ ಬಿಗಿಯಾದ ಹಂದರವಿರುವುದರಿಂದಲೇ ಕನ್ನಡ ಅಕ್ಷರ ಕಲಿಯದ ಮನೆಗಳಲ್ಲೂ ಈ ಕಥೆ ಉಳಿಯಿತೆಂದು ನನ್ನ ಎಣಿಕೆ. ಆದರೆ ಇದನ್ನೇ ತೆಲುಗು ದೇವಾಂಗರು ತೆಲುಗಿನಲ್ಲಿ ಹೇಳುತ್ತಾರೆ. ತಮಿಳಿನಲ್ಲಿ ಹೇಳಿದರೂ ಒಂದು ಎಳೆ ಕಡಿಯದು. ಹಂದರ ಯಾವ ಭಾಷೆಯಲ್ಲಾದರೂ ಬದುಕೀತು. ಭಾಷೆ ಮಾತ್ರ ಆಡುವವರಿಲ್ಲದೆ ಬದುಕದು. ಚಿನ್ನಾಳಪಟ್ಟಿಯ ಅಜ್ಜಿಯರಿಗೂ ನಮ್ಮ ಮನೆಗಳ ಹಿರಿಯರಿಗೂ ಕೆಲಸ ಒಂದೇ: ಮಕ್ಕಳಿಗೆ ಕಥೆಯನ್ನು ಕನ್ನಡದಲ್ಲೇ ಹೇಳುವುದು.