ಸಿರುಮುಗೈಯ ಮಗ್ಗದ ಮನೆಗಳಲ್ಲಿ ಕನ್ನಡ

ನಮ್ಮ ಶಾಲೆಯ ಬಾಗಿಲು ತೆರೆದಾಗ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿರಲಿಲ್ಲ. ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಇಲ್ಲಿನವರ ಅಹವಾಲುಗಳು ಘಟ್ಟವಿಳಿದು ಕೊಯಮತ್ತೂರಿನ ಕಲೆಕ್ಟರರನ್ನು ತಲುಪಬೇಕಿತ್ತು. 1956ರ ನವೆಂಬರ್ 1ರಂದು ಗಡಿ ಬದಲಾಯಿತು. ನಮ್ಮ ತಾಲ್ಲೂಕು ಕನ್ನಡ ರಾಜ್ಯಕ್ಕೆ ಬಂದಿತು. ಅದೇ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿ, ಮೇಟ್ಟುಪಾಳಯದ ಸಮೀಪ, ಭವಾನಿ ನದಿಯ ದಂಡೆಯಲ್ಲಿರುವ ಸಿರುಮುಗೈ ಅಲ್ಲಿಯೇ ಉಳಿಯಿತು. ಕೊಳ್ಳೇಗಾಲದಂತೆ ಅದೂ ರೇಷ್ಮೆ ಸೀರೆಯ ಊರು. ಅಲ್ಲಿಯೂ ಮಗ್ಗದ ಮುಂದೆ ಕುಳಿತವರಲ್ಲಿ ದೇವಾಂಗರು ಬಹಳ. ಅವರ ಮನೆಮಾತು ಕನ್ನಡ. ಆದರೆ ಅವರ ಮಕ್ಕಳು ಓದಿದ್ದು ತಮಿಳಿನಲ್ಲಿ. ಶಾಲೆಯ ನೂರು ವರ್ಷಗಳನ್ನು ನೆನೆಯುವ ಈ ಹೊತ್ತಿನಲ್ಲಿ, ಕನ್ನಡ ಶಾಲೆಯ ಆಸರೆಯಿಲ್ಲದೆ ಆ ಮನೆಗಳಲ್ಲಿ ಕನ್ನಡ ಹೇಗೆ ಬಾಳಿತೆಂಬ ಪ್ರಶ್ನೆ ನಮ್ಮನ್ನು ಕಾಡಿದೆ.

ಆ ಸೀಮೆಗೆ ಕನ್ನಡ ಹೊಸದಲ್ಲ. ಸಿರುಮುಗೈಯಿಂದ ಕೆಳಕ್ಕೆ ಹರಿದ ಭವಾನಿಯ ನೀರು ನಿಲ್ಲುವಲ್ಲಿ ಹೊಯ್ಸಳರ ದಂಡನಾಯಕರ ಹೆಸರಿನ ದಣ್ಣಾಯಕನ ಕೋಟೆ ಇತ್ತು. 1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟೆಯ ಜಲಾಶಯದಲ್ಲಿ ಅದು ಮುಳುಗಿದೆ. ಗಜಲಹಟ್ಟಿ ಕಣಿವೆಯ ದಾರಿ ಮೈಸೂರನ್ನೂ ಕೊಯಮತ್ತೂರನ್ನೂ ಕೂಡಿಸುತ್ತಿತ್ತು. 1799ರಲ್ಲಿ ಟಿಪ್ಪು ಮಡಿಯುವವರೆಗೂ ಆ ನಾಡು ಮೈಸೂರಿನ ಆಳ್ವಿಕೆಯಲ್ಲಿತ್ತು. ಅರಸರು ಹೋದ ಮೇಲೂ ನೇಕಾರರು ಉಳಿದರು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಜಾತಿ-ಬುಡಕಟ್ಟುಗಳ ಸಂಪುಟಗಳು ದೇವಾಂಗರನ್ನು ಮದರಾಸು ಪ್ರಾಂತ್ಯದ ಉದ್ದಗಲಕ್ಕೂ ಹರಡಿದ, ತೆಲುಗು ಇಲ್ಲವೇ ಕನ್ನಡವಾಡುವ ನೇಕಾರರೆಂದು ಗುರುತಿಸುತ್ತವೆ.

ಅದೇ 1909ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಕೂಲಿ, ಮನುಷ್ಯಸ್ವಭಾವ ರೂಪುಗೊಳ್ಳುವುದು ಮನೆ, ಆಟದ ಗೆಳೆಯರು, ನೆರೆಹೊರೆ ಎಂಬ ಪ್ರಾಥಮಿಕ ಗುಂಪುಗಳಲ್ಲಿ ಎಂದು ಬರೆದನು. ಸಮಾಜಶಾಸ್ತ್ರದ ಪಠ್ಯಗಳು ಇದನ್ನೇ ಸಾಮಾಜೀಕರಣವೆಂಬ ಬಿಗಿಯಾದ ಪದದಲ್ಲಿ ಹೇಳುತ್ತವೆ. ಕೈಮಗ್ಗದ ಮನೆಯನ್ನು ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕುಳಿಮಗ್ಗ ಇರುವುದು ವಾಸದ ಮನೆಯೊಳಗೇ. ಒಬ್ಬರು ಲಾಳಿ ಹಾಯಿಸುತ್ತಿದ್ದರೆ ಇನ್ನೊಬ್ಬರು ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಾರೆ. ಹೊಸ ಹಾಸು ಏರಿಸುವಾಗ ಅದರ ಸಾವಿರಾರು ಎಳೆಗಳನ್ನು ಹಳೆಯ ಹಾಸಿನ ಎಳೆಗಳಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು; ಗಂಟೆಗಟ್ಟಲೆ ಹಿಡಿಯುವ ಆ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಬಾಯಿಗೆ ಉಂಟು. ಊರಿನ ಸುದ್ದಿ, ನೆಂಟರ ಜಗಳ, ಎಳೆ ತುಂಡಾದಾಗಿನ ಬೈಗುಳ ಎಲ್ಲವೂ ಮಗುವಿನ ಕಿವಿಗೆ ಬಿದ್ದದ್ದು ಅಲ್ಲಿಯೇ. ನೂಲು ಕೊಡುವ ಸಂಘದೊಡನೆ, ಸೀರೆ ಕೊಳ್ಳುವ ವ್ಯಾಪಾರಿಯೊಡನೆ ತಮಿಳು. ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಎರಡರಲ್ಲಿ ಯಾವುದನ್ನು ಎಲ್ಲಿ ಆಡಬೇಕೆಂಬುದನ್ನು ಯಾರೂ ಪಾಠ ಹೇಳಿ ಕಲಿಸಿದ್ದಲ್ಲ.

ಗಡಿಯಾಚೆಯ ಕನ್ನಡಿಗರು ಭಾಷಾಭಿಮಾನದಿಂದ ಕನ್ನಡವನ್ನು ಕಾಪಾಡಿಕೊಂಡರೆಂದು ನಮ್ಮ ವೇದಿಕೆಗಳಲ್ಲಿ ಹೇಳುವುದುಂಟು. ನಮಗೆ ಅದು ಪೂರ್ಣ ಸತ್ಯವೆಂದು ತೋರುವುದಿಲ್ಲ. ಅದನ್ನು ಕಾಪಾಡಿದ್ದರಲ್ಲಿ ಮದುವೆಯ ಪಾಲು ದೊಡ್ಡದು. ಸ್ವಂತ ಕುಲ ಬಿಟ್ಟು, ಆದರೆ ಜಾತಿಯೊಳಗೇ ಹೆಣ್ಣು ತರುವ ಪದ್ಧತಿಯಿಂದಾಗಿ, ಬೇರೊಂದು ನೇಕಾರರ ಊರಿಂದ ಬಂದ ಸೊಸೆಯೂ ಅದೇ ಮಾತನ್ನಾಡುತ್ತ ಬಂದಳು; ಅವಳ ಮಕ್ಕಳಿಗೆ ತಾಯಿನುಡಿ ಕನ್ನಡವೇ ಆಯಿತು. ಜಾತಿಯ ಗೋಡೆಯೇ ಭಾಷೆಗೆ ಬೇಲಿಯಾಯಿತು. ಸಂಭ್ರಮದ ಸಂಚಿಕೆಯಲ್ಲಿ ಬರೆಯಲು ಇದು ಹಿತವಾದ ಮಾತಲ್ಲ. ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಹಲಗೆಯ ಮೇಲೆ ಕೂರಿಸಲು ಹೊರಟ ನಮ್ಮ ಶಾಲೆಯಂಥದ್ದು ಆ ಬೇಲಿಯಿಲ್ಲದೆಯೇ ಭಾಷೆಯನ್ನು ದಾಟಿಸಬೇಕಾಗಿತ್ತು.

ಧರ್ಮವೂ ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡಿತು. ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ನೂಲು ತರುವಾಗ ಅಸುರರು ಅಡ್ಡಗಟ್ಟಿದರು, ಚೌಡೇಶ್ವರಿ ಬಂದು ಕಾಪಾಡಿದಳು ಎಂಬುದು ದೇವಾಂಗರ ಕುಲಕಥೆ. ಕೊಯಮತ್ತೂರು ನಗರದಲ್ಲಿ ವಿಜಯದಶಮಿಯಂದು ದೇವಿಯ ಮೆರವಣಿಗೆಯ ಮುಂದೆ ತರುಣರು ಬರಿಮೈಯಲ್ಲಿ ಕತ್ತಿಯಿಂದ ಎದೆ-ತೋಳುಗಳನ್ನು ಕೊಯ್ದುಕೊಳ್ಳುತ್ತ ಸಾಗುತ್ತಾರೆ. ಕನ್ನಡ ನಾಡಿನಲ್ಲಿ ಇದಕ್ಕೆ ಅಲಗು ಸೇವೆಯೆಂದು ಹೆಸರು. ಅವರ ಕೂಗು ‘ತೀಸುಕೋ ತಾಯೇ’. ಸ್ವೀಕರಿಸೆಂಬ ಮೊದಲ ಮಾತು ತೆಲುಗು, ಕೂಗುವವರು ಕನ್ನಡಿಗರು, ನಿಂತು ನೋಡುವ ಬೀದಿ ತಮಿಳಿನದು. ಸಂಸ್ಕೃತಿಯೆಂದರೆ ಕಲಬೆರಕೆಯಿಲ್ಲದ ಹಳೆಯ ಆಸ್ತಿ ಎನ್ನುವವರು ಒಮ್ಮೆ ಆ ಬೀದಿಯಲ್ಲಿ ನಿಲ್ಲಬೇಕು. ಸಮುದಾಯವು ದೇವರ ಮುಂದೆ ನೆರೆದಾಗ ತನ್ನನ್ನೇ ತಾನು ಮತ್ತೆ ಕಟ್ಟಿಕೊಳ್ಳುತ್ತದೆಂದು 1912ರಲ್ಲಿ ಡರ್ಕ್‌ಹೈಮ್ ಬರೆದದ್ದು ಆಸ್ಟ್ರೇಲಿಯದ ಬುಡಕಟ್ಟುಗಳನ್ನು ಕುರಿತು. ಇಲ್ಲಿಗೂ ಅದು ಒಪ್ಪುತ್ತದೆ.

ಈಗ ಬೇಲಿ ಸಡಿಲುತ್ತಿದೆ. ಮಗ ಮಗ್ಗ ಬಿಟ್ಟು ಬೇರೆ ಉದ್ಯೋಗ ಹಿಡಿದರೆ ಅವನ ಮನೆಯಲ್ಲಿ ಕಂಡಿಕೆಯ ರಾಟೆಯೂ ಇರುವುದಿಲ್ಲ, ಅದರ ಸುತ್ತಲಿನ ಮಾತೂ ಇರುವುದಿಲ್ಲ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಬಂದದ್ದು ಗಡಿಗಳು ಬದಲಾದ 1956ರಲ್ಲಿಯೇ. ತಮಿಳುನಾಡು 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿತು. ಬದುಕುವ ನಾಡಿನ ಭಾಷೆ ಕಲಿಯಬೇಕೆಂಬುದರಲ್ಲಿ ನಮಗೆ ತಕರಾರಿಲ್ಲ. ಗಡಿಯ ಈಚೆಗೂ ಅದನ್ನೇ ಹೇಳುವವರು ನಾವು.

ಉಳಿಯದೇ ಹೋದದ್ದು ಲಿಪಿ. ಮನೆಯ ಕನ್ನಡವನ್ನು ಬರೆಯಬೇಕಾದರೆ ಶಾಲೆಯಲ್ಲಿ ಕಲಿತ ತಮಿಳು ಅಕ್ಷರವೇ ಗತಿ. ಆ ಲಿಪಿಯಲ್ಲಿ ‘ಕ’ಕಾರಕ್ಕೂ ‘ಗ’ಕಾರಕ್ಕೂ ಒಂದೇ ಅಕ್ಷರ, ‘ಕಾಳಿ’ ಎಂದು ಬರೆದರೂ ‘ಗಾಳಿ’ ಎಂದು ಬರೆದರೂ ಕಾಗದದ ಮೇಲೆ ಮೂಡುವ ರೂಪ ಒಂದೇ. ಮನೆಯಲ್ಲಿ ಕನ್ನಡ ಕೇಳುತ್ತ ಬೆಳೆದವರು ಸಂದರ್ಭ ನೋಡಿ ಸರಿಯಾಗಿ ಓದಿಬಿಡುತ್ತಾರೆ. ಮಗ್ಗವಿಲ್ಲದ ಮನೆಯಲ್ಲಿ ಬೆಳೆದ ಮೊಮ್ಮಗುವಿಗೆ ಅಜ್ಜಿ ಬರೆದಿಟ್ಟ ಚೀಟಿಯಲ್ಲಿರುವುದು ದೇವಿಯೋ ಗಾಳಿಯೋ ತಿಳಿಯಬೇಕಾದರೆ ಅಜ್ಜಿಯನ್ನೇ ಕೇಳಬೇಕು.