ಮೂರು ಕುದರಿ, ಒಂದು ಕಂಚಿನ ಪದಕ

ಜನೆವರಿ 26ರ ಪರೇಡ ಟೀವ್ಯಾಗ ನೋಡೂದು ನಮ್ಮನಿ ಪದ್ಧತಿ. ಉಪ್ಪಿಟ್ಟಿನ ತಾಟು ಕೈಯಾಗ ಹಿಡಕೊಂಡು ಎಲ್ಲಾರೂ ಟೀವಿ ಮುಂದ ಕೂತಿರತೇವಿ. ಈ ಸಲ ಕುದರಿ ಪಡೆ ಬಂದಾಗ ಮೊಮ್ಮಗ ಕೇಳಿದಾ, "ಅಜ್ಜಿ, ಅವರ ಎದಿ ಮ್ಯಾಲಿನ ಪದಕ ಬಂಗಾರದ್ದೇನ?" ನಂಗ ಉತ್ತರ ಗೊತ್ತಿರಲಿಲ್ಲ. ಆಮ್ಯಾಲ ಪುಸ್ತಕ ತಗದು ಓದಕೋತ ಹೋದೆ. ಓದಿದ್ದರೊಳಗ ಒಬ್ಬ ಕುದರಿ ಸವಾರನ ಕಥಿ ಮನಸ್ಸಿನಾಗ ನಿಂತು ಬಿಡ್ತು. ಅದನ್ನ ಇವತ್ತು ನಿಮಗ ಹೇಳತೇನಿ.

ಬ್ರಿಟಿಷರ ಕಾಲದಾಗ ಸೈನ್ಯದ ಎಲ್ಲಕ್ಕಿಂತ ದೊಡ್ಡ ಪದಕ ವಿಕ್ಟೋರಿಯಾ ಕ್ರಾಸ್. ಅದು ಬಂಗಾರದ್ದೂ ಅಲ್ಲ, ಬೆಳ್ಳೀದೂ ಅಲ್ಲ, ಬರೇ ಕಂಚು. ಶತ್ರುಗಳಿಂದ ಕಸಕೊಂಡ ಹಳೇ ತೋಪು ಕರಗಿಸಿ ಮಾಡತಾರ ಅಂತ ಹೇಳತಾರ. 1856ರಾಗ ರಾಣಿ ವಿಕ್ಟೋರಿಯಾ ಇದನ್ನ ಶುರು ಮಾಡಿದಳು. ಆದ್ರ ನಮ್ಮ ಹಿಂದೂಸ್ತಾನಿ ಸಿಪಾಯಿಗಳಿಗೆ ಇದು ಸಿಗತಿರಲಿಲ್ಲ. ಅವರಿಗೆ ಬ್ಯಾರೆ ಪದಕ ಇತ್ತು, ಇಂಡಿಯನ್ ಆರ್ಡರ್ ಆಫ್ ಮೆರಿಟ್ ಅಂತ. ಒಂದೇ ರಣದಾಗ, ಒಂದೇ ಗುಂಡಿಗೆ ಎದಿ ಕೊಟ್ರೂ ಬಿಳೇ ಮಂದಿಗೊಂದು ಪದಕ, ಕರೇ ಮಂದಿಗೊಂದು ಪದಕ. ಹಬ್ಬದ ಊಟಕ್ಕ ಕರದು ಎರಡು ಪಂಕ್ತಿ ಹಾಕಿಧಂಗ. 1911ರ ದಿಲ್ಲಿ ದರ್ಬಾರದಾಗ ಐದನೇ ಜಾರ್ಜ್ ದೊರಿ ಈ ಭೇದ ತಗದು ಹಾಕಿದಾ. ಮೂರು ವರ್ಷದಾಗ ಮೊದಲನೇ ಮಹಾಯುದ್ಧ ಬಂತು.

ನಮ್ಮ ಸವಾರನ ಹೆಸರು ಗೋಬಿಂದ ಸಿಂಗ. ಹುಟ್ಟಿದ್ದು 1887ರ ಡಿಸೆಂಬರ್ 7ಕ್ಕ, ರಾಜಸ್ಥಾನದ ನಾಗೌರ ಸೀಮಿಯ ದಾಮೋಯಿ ಅನ್ನೋ ಹಳ್ಳಿಯೊಳಗ. ಅವು ಜೋಧಪುರ ಸಂಸ್ಥಾನದ ಊರು, ಮಳಿ ಕಮ್ಮಿ, ಉಸುಕು ಜಾಸ್ತಿ. ಅಲ್ಲಿಯ ರಜಪೂತರ ಹುಡುಗ್ರಿಗೆ ಸೈನ್ಯ ಸೇರೂದು ಅಂದ್ರ ಮಾನಾನೂ ಹೌದು, ಹೊಟ್ಟೀಪಾಡೂ ಹೌದು. ಇಂವಾ ಸೇರಿದ ಪಡೆ 28ನೇ ಲೈಟ್ ಕ್ಯಾವಲ್ರಿ.

ಇಲ್ಲಿ ನಮಗೊಂದು ಸಂಬಂಧ ಬರತದ ನೋಡ್ರಿ. ಈ 28ನೇ ಪಡೆ ಮೂಲದಾಗ ಮದ್ರಾಸ ಸೈನ್ಯದ್ದು. ಟಿಪ್ಪು ಸುಲ್ತಾನನ ವಿರುದ್ಧ ಕಂಪನಿ ಸರಕಾರದ ಕಡೆಯಿಂದ ಬಡದಾಡಿದ ಪಡೆ. ಅದರ ಯುದ್ಧಗೌರವಗಳ ಪಟ್ಟಿಯೊಳಗ 'ಮೈಸೂರು', 'ಶ್ರೀರಂಗಪಟ್ಟಣ' ಅಂತ ಎರಡು ಹೆಸರು ಅವ. ಮುಂದ ಇಂಗ್ರೇಜಿ ಅಧಿಕಾರಿಗಳಿಗೆ ಉತ್ತರದ ಮಂದಿನ ಖರೇ ಶೂರರು, ದಕ್ಷಿಣದವರು ಅಲ್ಲ ಅನ್ನೋ ಹುಚ್ಚು ಹಿಡೀತು. ಮದ್ರಾಸ ಪಡೆಗಳಿಗೂ ರಜಪೂತ, ಜಾಟ, ಪಂಜಾಬಿ ಮುಸಲ್ಮಾನರನ್ನ ತುಂಬಿದ್ರು. ಹಿಂಗಾಗಿ ನಮ್ಮ ಕಡೆ ಊರಿನ ಹೆಸರು ಹೊತ್ತ ಪಡಿಯೊಳಗ ನಾಗೌರದ ಹುಡುಗ ಸವಾರ ಆದಾ.

ಅಂವನ ಹುದ್ದಿ ಲ್ಯಾನ್ಸ್ ದಫೇದಾರ. ದಫೇದಾರ, ಜಮಾದಾರ, ರಿಸಾಲದಾರ, ಈ ಶಬ್ದ ನಮ್ಮ ಕಡೆ ಇನ್ನೂ ಮಂದಿ ಅಡ್ಡಹೆಸರಿನಾಗ ಉಳದಾವ. ದಫೇದಾರ ಅಂದ್ರ ಕುದರಿ ಪಡಿಯೊಳಗ ಹವಾಲ್ದಾರ ಇದ್ಧಂಗ, ಲ್ಯಾನ್ಸ್ ದಫೇದಾರ ಅದಕ್ಕಿಂತ ಒಂದು ಮೆಟ್ಟಲ ಕೆಳಗ.

ಯುದ್ಧದಾಗ ಅಂವನ್ನ 2ನೇ ಲ್ಯಾನ್ಸರ್ಸ್ ಅನ್ನೋ ಇನ್ನೊಂದು ಪಡೆಗೆ ಜೋಡಿಸಿ ಫ್ರಾನ್ಸಿಗೆ ಕಳಸಿದ್ರು. ಅಂವನ ಸ್ವಂತ ಪಡೆ ಆವಾಗ ಇರಾನ ಕಡೆ ಇತ್ತು. ಈ ಎರಡೂ ಪಡೆಗಳ ನಡುವ ಒಂದು ಮಜಾ ಫರಕ ಅದ. 2ನೇ ಲ್ಯಾನ್ಸರ್ಸ್ 'ಸಿಲ್ಲೇದಾರಿ' ಪಡೆ. ಅಂದ್ರ ಸವಾರನ ತನ್ನ ಕುದರಿ, ತನ್ನ ಸಾಮಾನಿನ ರೊಕ್ಕ ಹಾಕಿ ಸೇರಬೇಕು, ಅದಕ್ಕ ಪಗಾರ ಒಂಚೂರು ಜಾಸ್ತಿ. ಮದ್ರಾಸ ಮೂಲದ ಪಡಿಯೊಳಗ ಕುದರಿ ಸರಕಾರದ್ದ. ಸಂಸಾರ ನಡಸೋಳಾಗಿ ನಂಗ ಇದನ್ನ ಓದಿ ಅನಿಸಿದ್ದಿಷ್ಟ: ಒಂದು ಕುದರಿ ಸತ್ತರ ಒಂದು ಮನಿತನದ ಗಳಿಕಿ ಹೋಧಂಗ. ಯುದ್ಧದಾಗ ಕುದರಿ ಸಾಯೋ ಲೆಕ್ಕ ಏರಿದಾಗ ಈ ಪದ್ಧತಿ ತಡೀಲಿಲ್ಲ, ಯುದ್ಧ ಮುಗದ ಮ್ಯಾಲ ತಗದೇ ಹಾಕಿದ್ರು.

ಫ್ರಾನ್ಸಿನಾಗ ಕುದರಿ ಸವಾರರಿಗೆ ಕೆಲಸನ ಕಮ್ಮಿ ಇತ್ತು. ಮುಳ್ಳುತಂತಿ, ಕಂದಕ, ಮಷೀನ್ ಗನ್ನು. ಕುದರಿ ಎಲ್ಲಿ ಓಡಬೇಕು? 1917ರ ನವೆಂಬರ್ 20ಕ್ಕ ಕಾಂಬ್ರೇ ಊರಿನ ಹತ್ರ ಬ್ರಿಟಿಷರು ನೂರಾರು ಟ್ಯಾಂಕ್ ಬಿಟ್ಟು ಒಳಗ ನುಗ್ಗಿದ್ರು. ಹತ್ತು ದಿನಕ್ಕ, ನವೆಂಬರ್ 30ಕ್ಕ, ಜರ್ಮನರು ತಿರುಗಿ ಬಿದ್ರು. ಅವರನ್ನ ತಡೀಲಿಕ್ಕೆ ಮರುದಿನ, ಡಿಸೆಂಬರ್ 1ಕ್ಕ, ನಮ್ಮ ಮಹೂ ಊರಿನ ಹೆಸರಿನ ಕುದರಿ ಬ್ರಿಗೇಡಿಗೆ ಹುಕುಂ ಬಂತು. 2ನೇ ಲ್ಯಾನ್ಸರ್ಸಿನವರು ಎಪೆಹಿ ಅನ್ನೋ ಊರಿನ ಹತ್ರ ಬಯಲಿನಾಗ ಭಾಲೆ ಹಿಡದು ನಾಗಾಲೋಟದಾಗ ಹೋದ್ರು. ಎರಡೂ ಮಗ್ಗಲದಿಂದ ಗುಂಡಿನ ಮಳಿ. ಅದರೊಳಗ ತಂತಿ ದಾಟಿ ಒಂದು ಕಂದಕ ಹಿಡದ್ರು. ಆದ್ರ ಮುಂದ ಹೋಗಲಿಕ್ಕೂ ಆಗವಲ್ದು, ಹಿಂದ ಬರಲಿಕ್ಕೂ ಆಗವಲ್ದು. ಹಿಂದಿದ್ದ ಬ್ರಿಗೇಡಿನ ಅಧಿಕಾರಿಗಳಿಗೆ ಇವರ ಸುದ್ದಿ ಮುಟ್ಟಬೇಕು. ಫೋನಿಲ್ಲ, ಏನಿಲ್ಲ.

ನಡುವಿನ ಅಂತರ ಒಂದೂವರಿ ಮೈಲು. ಬೆಳಿಗ್ಗೆ ವಾಕಿಂಗ್ ಹೋಗೋರಿಗೆ ಅರ್ಧಾ ತಾಸಿನ ದಾರಿ. ಆದ್ರ ಪೂರಾ ಬಟಾಬಯಲು, ಶತ್ರುಗಳಿಗೆ ಅಂಗೈ ಮ್ಯಾಲ ಇಟ್ಟಂಗ ಕಾಣತಿತ್ತು. ಯಾರು ಹೋಗತೀರಿ ಅಂದಾಗ ಇಬ್ಬರು ಮುಂದ ಬಂದ್ರು: ಗೋಬಿಂದ ಸಿಂಗ ಮತ್ತ ಜೋತ್ ರಾಮ್ ಅನ್ನೋ ಸವಾರ. ಇಬ್ಬರ ಕೈಯಾಗೂ ಒಂದೇ ಒಕ್ಕಣಿ ಚೀಟಿ ಕೊಟ್ರು, ಒಬ್ಬ ಬಿದ್ರೂ ಇನ್ನೊಬ್ಬ ಮುಟ್ಟಲಿ ಅಂತ. ಜೋತ್ ರಾಮ್ ದಾರಿಯೊಳಗ ಗುಂಡು ತಗಲಿ ಸತ್ತಾ.

ಗೋಬಿಂದ ಸಿಂಗನ ಕುದರೀನೂ ಬಿತ್ತು. ಅಂವಾ ಎದ್ದು ಓಡಿದಾ, ಚೀಟಿ ಮುಟ್ಟಿಸಿದಾ. ಅಷ್ಟಕ್ಕ ಬಿಟ್ಟಿದ್ರ ಸಾಕಿತ್ತು. ಆದ್ರ ಅದಕ್ಕ ಬಂದ ಉತ್ತರಾನೂ ತಾನ ಒಯ್ಯತೇನಿ ಅಂದಾ. ಬ್ಯಾರೆ ಕುದರಿ ಏರಿದಾ, ಅದೂ ಬಿತ್ತು, ಮತ್ತ ಓಡಕೋತ ಹೋಗಿ ಕಂದಕ ಮುಟ್ಟಿದಾ. ಮತ್ತೊಂದು ಚೀಟಿ ಕಳಸೋ ಪ್ರಸಂಗ ಬಂತು. ಮೂರನೇ ಸಲಾನೂ ಅಂವನ. ಮೂರನೇ ಕುದರೀನೂ ಸತ್ತಿತು, ಅಂವಾ ಉಳದು ಚೀಟಿ ಮುಟ್ಟಿಸಿದಾ. ಅವತ್ತಿಗೆ ಅಂವಗ 30 ತುಂಬಲಿಕ್ಕೆ ಇನ್ನೂ ಆರು ದಿನ ಇದ್ದವು.

1918ರ ಜನೆವರಿಯೊಳಗ ವಿಕ್ಟೋರಿಯಾ ಕ್ರಾಸ್ ಜಾಹೀರಾತು. ಆ ಮಹಾಯುದ್ಧದಾಗ ಈ ಪದಕ ಸಿಕ್ಕ ಹಿಂದೂಸ್ತಾನಿ ಕುದರಿ ಸವಾರರು ಇಬ್ಬರ. ಇನ್ನೊಬ್ಬರು ರಿಸಾಲದಾರ ಬದ್ಲು ಸಿಂಗ, ಜೋರ್ಡಾನ ಹೊಳಿ ದಂಡಿಯೊಳಗ 1918ರ ಸೆಪ್ಟೆಂಬರ್ 23ಕ್ಕ ಸತ್ತವರು. ಅದೇ ದಿನಾನ ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೋಡಿ ಹೈಫಾ ಊರು ಗೆದ್ದದ್ದು.

ಪದಕದ ಮ್ಯಾಲ ಕಿರೀಟ, ಸಿಂಹ, ಕೆಳಗ 'ಶೌರ್ಯಕ್ಕಾಗಿ' ಅನ್ನೋ ಅರ್ಥದ ಇಂಗ್ರೇಜಿ ಅಕ್ಷರ. ಹಿಂದ ನಡಬರಕ ಸಾಹಸದ ತಾರೀಖು, ಮ್ಯಾಲಿನ ಪಟ್ಟಿ ಹಿಂದ ಹೆಸರು. ಕೆಂಪು ರಿಬ್ಬನ್ನಿನಾಗ ಜೋತಾಡತದ. ಇದಲ್ಲದ ರಣದಾಗ ಇದ್ದವರಿಗೆಲ್ಲಾ ಕೊಟ್ಟ ಬೆಳ್ಳಿ ಯುದ್ಧಪದಕ, ಕಂಚಿನ ವಿಜಯಪದಕ ಬ್ಯಾರೆ. ಬೆಳ್ಳೀದು ಎಲ್ಲಾರಿಗೂ, ಕಂಚಿಂದು ಒಬ್ಬಿಬ್ಬರಿಗೆ! ಪಾತ್ರೆ ಅಂಗಡಿ ಲೆಕ್ಕ ಇಲ್ಲಿ ಉಲ್ಟಾ.

ಗೋಬಿಂದ ಸಿಂಗ ಮುಂದ ಜಮಾದಾರ ಆದಾ. ತನ್ನ ಸೀಮಿಗೆ ತಿರುಗಿ ಬಂದಾ, 1942ರ ಡಿಸೆಂಬರ್ 9ಕ್ಕ, 55 ತುಂಬಿ ಎರಡು ದಿನಕ್ಕ ತೀರಕೊಂಡಾ.

ಇದನ್ನೆಲ್ಲಾ ಹೇಳಿದ ಮ್ಯಾಲ ಮನಿಯೊಳಗ ವಾದ ಎದ್ದಿತು. "ನಮ್ಮನ್ನ ಆಳಿದವರ ಪದಕಕ್ಕ ನಾವ್ಯಾಕ ಹೆಮ್ಮಿ ಪಡಬೇಕು?" ಅಂದ ಮಗಾ. ಅಂವನ ಮಾತು ತಪ್ಪಲ್ಲ. ಆ ಪದಕ ಕೊಟ್ಟ ಸರಕಾರನ ಮುಂದಿನ ವರ್ಷ ಜಲಿಯನ್‌ವಾಲಾ ಬಾಗಿನಾಗ ನಮ್ಮ ಮಂದಿ ಮ್ಯಾಲ ಗುಂಡು ಹಾರಿಸಿತು. ಆದ್ರ ಗೋಬಿಂದ ಸಿಂಗ ಆ ದಿನ ಓಡಿದ್ದು ರಾಜನ ಸಲವಾಗಿ ಅಂತ ನಂಗ ಅನಸೂದಿಲ್ಲ. ಕಂದಕದಾಗ ಸಿಕ್ಕೊಂಡ ತನ್ನ ಜೋಡೀದಾರರ ಸಲವಾಗಿ ಓಡಿದಾ. ಆ ಚೀಟಿ ಮುಟ್ಟಲಿಲ್ಲಂದ್ರ ಅವರ ಗತಿ ಏನು ಅನ್ನೂದು ಅಂವಗ ಗೊತ್ತಿತ್ತು.

ಮೊಮ್ಮಗ ಮಾತ್ರ ಕಡೀಕೆ ಕೇಳಿದ್ದು ಬ್ಯಾರೆ. "ಅಜ್ಜಿ, ಜೋತ್ ರಾಮ್‌ನ ಕೈಯಾಗೂ ಅದೇ ಚೀಟಿ ಇತ್ತಲ್ಲಾ?" ಹೌದಪ್ಪಾ, ಅದೇ ಚೀಟಿ ಇತ್ತು ಅಂದೆ. ಅದಕ್ಕ ಇಲ್ಲಿ ಬರೀವಾಗ ಅಂವನ ಹೆಸರೂ ಬರದೇನಿ. ನೀವೂ ನಿಮ್ಮ ಮಕ್ಕಳಿಗೆ ಈ ಕಥಿ ಹೇಳಿದ್ರ, ಇಬ್ಬರ ಹೆಸರೂ ಹೇಳ್ರಿ.